ಗಿಯರಿನ ಲೆಕ್ಕವೂ ಘಾಟಿಯ ದಾರಿಯೂ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಮೋಟಾರಿನ ಗಿಯರುಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನಮ್ಮ ತಂದೆಯವರು ಕೊಟ್ಟಿಗೆಹಾರದ ಸಮೀಪದಲ್ಲಿ ಮೋಟಾರು ರಿಪೇರಿಯ ಷೆಡ್ಡು ನಡೆಸುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, ಷೆಡ್ಡಿನಲ್ಲಿ ಕಾಗದ ಪೆನ್ಸಿಲಿನ ಕೆಲಸವೇನಿದ್ದರೂ ನನ್ನ ಪಾಲಿಗೆ ಬರುತ್ತದೆ. ಹಾಗೆ ಬಂದ ಒಂದು ಲೆಕ್ಕವನ್ನೂ ಅದರಲ್ಲಿ ನಾನು ಎಡವಿದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಕಾಫಿ ತೋಟದ ಯಜಮಾನರೊಬ್ಬರು ತಮ್ಮ 1958ರ ಮಾರಿಸ್ ಮೈನರ್ ಕಾರನ್ನು ತಂದು ನಿಲ್ಲಿಸಿದರು. 948 ಸಿ.ಸಿ.ಯ ಎಂಜಿನು, 37 ಅಶ್ವಶಕ್ತಿ. ಹಾಸನ ದಾಟಿ ಬೆಂಗಳೂರಿನ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು ಓಡಿಸಿದರೆ ಎಂಜಿನು ಅರಚುತ್ತದೆ, ಇದಕ್ಕೇನಾದರೂ ಉಪಾಯ ಮಾಡಬೇಕು ಎಂಬುದು ಅವರ ಕೋರಿಕೆ.

ಎಂಜಿನಿನ ಸುತ್ತು ಚಕ್ರಕ್ಕೆ ತಲಪುವ ಮೊದಲು ಎರಡು ಕಡೆ ಇಳಿಯುತ್ತದೆ: ಮೊದಲು ಗಿಯರ್ ಬಾಕ್ಸಿನಲ್ಲಿ, ಅನಂತರ ಹಿಂದಿನ ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್‌ನಲ್ಲಿ. ಈ ಕಾರಿನ ಡಿಫರೆನ್ಷಿಯಲ್‌ನಲ್ಲಿ 9 ಹಲ್ಲಿನ ಪಿನಿಯನ್ನು 41 ಹಲ್ಲಿನ ಕ್ರೌನ್ ವೀಲನ್ನು ತಿರುಗಿಸುತ್ತದೆ. 41ನ್ನು 9ರಿಂದ ಭಾಗಿಸಿದರೆ 4.55. ನಾಲ್ಕನೆಯ ಗಿಯರಿನಲ್ಲಿ ಬಾಕ್ಸು ಸುತ್ತನ್ನು ಬದಲಿಸದೆ ಹಾಗೆಯೇ ಹಿಂದಕ್ಕೆ ಕಳಿಸುವುದರಿಂದ, ಎಂಜಿನು 4.55 ಸಲ ತಿರುಗಿದಾಗ ಚಕ್ರ ಒಂದು ಸಲ ತಿರುಗುತ್ತದೆ. ಗಾಡಿ ಸುಮಾರು 1.8 ಮೀಟರು ಮುಂದೆ ಹೋಗುತ್ತದೆ. ಗುಣಿಸಿ ನೋಡಿದರೆ 80ರ ವೇಗಕ್ಕೆ ಎಂಜಿನು ನಿಮಿಷಕ್ಕೆ ಹೆಚ್ಚು ಕಡಮೆ 3,375 ಸುತ್ತು ಸುತ್ತಬೇಕು.

ಹಲ್ಲು ಎಣಿಸಲು ಆಕ್ಸಲ್ ಬಿಚ್ಚಬೇಕಾಗಿಲ್ಲ. ತಂದೆಯವರು ಒಂದು ಹಿಂಚಕ್ರವನ್ನು ಮಾತ್ರ ಜಾಕಿಯ ಮೇಲೆತ್ತಿ, ಗಿಯರನ್ನು ನ್ಯೂಟ್ರಲ್‌ಗೆ ತಂದು, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸುತ್ತಾರೆ. ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ವೀಲು ಒಂದೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತಿತೋ ಅದೇ ಪ್ರಮಾಣ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ತಂದೆಯವರಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಲಿಲ್ಲ.

ಮಾರಿಸ್ ಕಾರುಗಳಲ್ಲೊಂದು ಅನುಕೂಲವುಂಟು. ಎರಡು ಕಡೆಯ ಹಾಫ್ ಶಾಫ್ಟು ಎಳೆದರೆ ಡಿಫರೆನ್ಷಿಯಲ್ ಇಡಿಯಾಗಿ ಹೊರಗೆ ಬರುತ್ತದೆ. ಅದೇ ಬಳಗದ ಎಂ.ಜಿ. ಮಿಡ್ಜೆಟ್ ಕಾರಿನದನ್ನು ಆ ಜಾಗದಲ್ಲಿ ಕೂರಿಸಬಹುದು. ಮಿಡ್ಜೆಟ್‌ನ ನಂತರದ ಮಾದರಿಗಳಲ್ಲಿ ಪ್ರಮಾಣ 3.9. ಅದನ್ನು ಹಾಕಿದರೆ 80ರ ವೇಗಕ್ಕೆ 2,890 ಸುತ್ತು ಸಾಕು. ನಾನು ಹಿಗ್ಗಿದೆ. ತಂದೆಯವರು ಕಾಗದ ನೋಡಿ, "ನಿನ್ನ ಲೆಕ್ಕದಲ್ಲಿ ಘಾಟಿ ಎಲ್ಲಿದೆಯೋ, ಮಗಾ?" ಎಂದು ಕೇಳಿದರು. "ಘಾಟಿಗೆ ಮೂರನೇ ಗಿಯರು ಇದೆಯಲ್ಲಪ್ಪ" ಎಂದೆ. ಓದಿದ ಮಗನ ಮಾತೆಂದು ಅವರು ಸುಮ್ಮನಾದರು. ಯಜಮಾನರು ಇಂಗ್ಲೆಂಡಿನಿಂದ ಅದನ್ನು ತರಿಸಿದರು.

ಹೆದ್ದಾರಿಯಲ್ಲಿ ಗಾಡಿ ಸದ್ದಿಲ್ಲದೆ ಓಡಿತು. ಸ್ಪೀಡೋಮೀಟರಿನ ಕೇಬಲ್ಲು ಗಿಯರ್ ಬಾಕ್ಸಿನಿಂದಲೇ ಹೊರಡುವುದರಿಂದ ನಿಜವಾದ ವೇಗ 70 ಇದ್ದಾಗ ಮುಳ್ಳು 60 ತೋರಿಸುತ್ತಿತ್ತು. ಅದೊಂದು ಬೇರೆ ಫಜೀತಿ. ಮುಂದಿನ ವಾರ ಯಜಮಾನರು ಮನೆಮಂದಿಯೊಡನೆ ಧರ್ಮಸ್ಥಳಕ್ಕೆ ಹೊರಟರು. ಗಾಡಿಯ ಗುಣ ನೋಡಲೆಂದು ನನ್ನನ್ನೂ ಕರೆದೊಯ್ದರು. ಹಿಂದಿರುಗುವಾಗ ಚಾರ್ಮಾಡಿ ಘಾಟಿಯಲ್ಲಿ ಐದು ಜನರ ಭಾರಕ್ಕೆ ಮೂರನೆಯ ಗಿಯರು ಉಸಿರು ಬಿಟ್ಟಿತು. ಎರಡಕ್ಕೆ ಇಳಿಸಿದರೆ ಆರ್ಭಟ. ಹಿಂದೆ ಎರಡರಲ್ಲೇ ಹತ್ತುತ್ತಿದ್ದ ಕಡಿದಾದ ತಿರುವುಗಳಲ್ಲಿ ಈಗ ಒಂದನೆಯದು ಬೇಕಾಯಿತು. ಈ ಕಾರಿನ ಒಂದನೆಯ ಗಿಯರಿಗೆ ಸಿಂಕ್ರೋಮೆಷ್ ಇಲ್ಲ. ಗಾಡಿ ನಿಲ್ಲಿಸಿಯೇ ಹಾಕಬೇಕು. ನಿಂತಾಗಲೆಲ್ಲ ಹಿಂದಿನಿಂದ ಬಸ್ಸುಗಳ ಹಾರನ್ನು. ಯಜಮಾನರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನನ್ನ ತಪ್ಪು ಇಷ್ಟೇ. ಮೂರನೆಯ ಗಿಯರಿನ ಪ್ರಮಾಣ 1.412. ಅದನ್ನು 4.55ರಿಂದ ಗುಣಿಸಿದರೆ 6.43, 3.9ರಿಂದ ಗುಣಿಸಿದರೆ 5.51 ಮಾತ್ರ. ಚಕ್ರಕ್ಕೆ ಸಿಗುವ ಎಳೆತದಲ್ಲಿ ಏಳರಲ್ಲೊಂದು ಪಾಲು ಹೋಯಿತು, ಅದೂ ಎಲ್ಲ ಗಿಯರುಗಳಲ್ಲಿಯೂ. ಡಿಫರೆನ್ಷಿಯಲ್ ಬದಲಿಸಿದರೆ ಇಡೀ ಏಣಿಯೇ ಸರಿಯುತ್ತದೆ. ಮೆಟ್ಟಿಲುಗಳ ಅಂತರ ಇದ್ದಂತೆಯೇ ಇರುತ್ತದೆ. ಎರಡನೆಯದು 2.374; ಅಲ್ಲಿ 4,000 ಸುತ್ತು ಏರಿಸಿ ಮೂರಕ್ಕೆ ಹಾಕಿದರೆ ಎಂಜಿನು 2,380ಕ್ಕೆ ಬೀಳುತ್ತದೆ. ಈ ಕಂದಕವನ್ನು ಯಾವ ಆಕ್ಸಲೂ ಮುಚ್ಚಲಾರದು. ಮೆಟ್ಟಿಲು ಬದಲಾಗಬೇಕಾದರೆ ಗಿಯರ್ ಬಾಕ್ಸೇ ಬದಲಾಗಬೇಕು. ಫೋರ್ಡ್ ಸಿಯೆರಾ ಕಾರಿನ ಐದು ಗಿಯರಿನ ಬಾಕ್ಸನ್ನು ಮೈನರ್‌ಗೆ ಕೂರಿಸುವವರಿದ್ದಾರೆ. ಅದರ ಐದನೆಯದು 0.82, ಹಳೆಯ 4.55ರ ಜೊತೆಗೇ ಒಟ್ಟು ಪ್ರಮಾಣ 3.74 ಆಗುತ್ತದೆ. ಘಾಟಿಯೂ ಉಳಿಯುತ್ತದೆ, ಹೆದ್ದಾರಿಯೂ ಒದಗುತ್ತದೆ. ಆದರೆ ಅದಕ್ಕೆ ಗಾಡಿಯ ಮೈಯನ್ನೇ ಅಲ್ಲಲ್ಲಿ ಕತ್ತರಿಸಬೇಕು. ತಂದೆಯ ಕಾಲದ ಗಾಡಿಗೆ ಗರಗಸ ಹಾಕಲು ಯಜಮಾನರು ಒಪ್ಪಲಿಲ್ಲ. ನನಗೂ ಅದು ಸರಿಯೆಂದೇ ತೋರಿತು.

ಕಾರ್ಖಾನೆಯವರು ನಡೆದ ದಾರಿಯನ್ನು ಮೊದಲೇ ನೋಡಿದ್ದರೆ ನನಗೆ ಬುದ್ಧಿ ಬರುತ್ತಿತ್ತು. 1952ರಲ್ಲಿ ಬಂದ 803 ಸಿ.ಸಿ.ಯ ಎಂಜಿನಿಗೆ ಅವರು ಕೊಟ್ಟದ್ದು 5.286. 1956ರಲ್ಲಿ ಎಂಜಿನು 948 ಆಯಿತು, ಪ್ರಮಾಣ 4.55ಕ್ಕೆ ಇಳಿಯಿತು. 1962ರಲ್ಲಿ ಎಂಜಿನು 1098 ಆದ ಮೇಲೆಯೇ 4.22. ಎಂಜಿನಿನ ತೋಳು ಬಲಿತಷ್ಟೇ ಹೊರೆ ಹೊರಿಸಿದರು. ನಾನು 948ರ ತಲೆಯ ಮೇಲೆ 1098ಕ್ಕೂ ಹೊರಿಸದ ಹೊರೆಯನ್ನು ಇಟ್ಟಿದ್ದೆ.

ಹಳೆಯ ಡಿಫರೆನ್ಷಿಯಲನ್ನೇ ಮತ್ತೆ ಕೂರಿಸಿದೆವು. ಎರಡನೆಯ ಸಲದ ಕೂಲಿಯನ್ನು ತಂದೆಯವರು ಮುಟ್ಟಲಿಲ್ಲ. 3.9ರದು ಗ್ರೀಸು ಬಳಿದುಕೊಂಡು ಷೆಡ್ಡಿನ ಮೂಲೆಯಲ್ಲಿ ಕುಳಿತಿದೆ. ಕಳೆದ ತಿಂಗಳು ಇನ್ನೊಂದು ಮೈನರ್ ಬಂತು, 1098ರ ಎಂಜಿನಿನದು. ತಂದೆಯವರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ಎರಡು ಸುತ್ತಿಗೆ ಶಾಫ್ಟು ನಾಲ್ಕೂಕಾಲಕ್ಕೆ ಸ್ವಲ್ಪ ಕಡಮೆ ತಿರುಗಿತು. "ಇದು ಸರಿಯಾಗಿದೆ, ಮುಟ್ಟುವುದು ಬೇಡ" ಎಂದೆ.