ಹೊಲ ಸೇರಿದ ಕ್ಯಾಡ್ಮಿಯಂ ಹೊರಗೆ ಹೋಗದು



ಬೆಳೆಗೆ ಕೀಟ ಬಿದ್ದರೆ ಎಲೆ ನೋಡಿ ತಿಳಿಯುತ್ತೀರಿ. ಸತುವಿನ ಕೊರತೆಯಾದರೆ ಭತ್ತದ ಎಲೆಯ ಮೇಲೆ ಕಂದು ಚುಕ್ಕೆ ಮೂಡುತ್ತದೆ. ಆದರೆ ಕ್ಯಾಡ್ಮಿಯಂ ಎಂಬ ಲೋಹ ಮಣ್ಣು ಸೇರಿದರೆ ಪೈರು ಅದನ್ನು ತೋರಿಸಿಕೊಡುವುದಿಲ್ಲ. ಉಣ್ಣುವವರಿಗೆ ಹಾನಿಯಾಗುವಷ್ಟು ಲೋಹ ಕಾಳಿನಲ್ಲಿದ್ದರೂ ಪೈರು ಹಸಿರಾಗಿಯೇ ಬೆಳೆದು ತೆನೆ ಬಿಡಬಹುದು. ಅನ್ನದ ರುಚಿ, ವಾಸನೆ ಯಾವುದೂ ಬದಲಾಗದು. ಆದುದರಿಂದ ಈ ವಿಷಯವನ್ನು ಮೊದಲೇ ತಿಳಿದಿರುವುದು ಅಗತ್ಯ.

ಕ್ಯಾಡ್ಮಿಯಂ ಸತುವಿನ ಅದಿರಿನ ಜೊತೆಯಲ್ಲೇ ದೊರೆಯುವ ಲೋಹ. ಕೆಲವು ಬಗೆಯ ಬ್ಯಾಟರಿ, ಬಣ್ಣ ಮತ್ತು ಲೋಹದ ಲೇಪಗಳಲ್ಲಿ ಬಳಕೆಯಾಗುತ್ತದೆ. ಗಣಿ ಮತ್ತು ಕಾರ್ಖಾನೆಗಳ ಹೊಲಸು ನೀರು, ಪಟ್ಟಣದ ಚರಂಡಿಯ ಕೆಸರು, ಸುಟ್ಟ ಕಸದ ಬೂದಿ, ಇವು ಅದನ್ನು ಹೊಲಕ್ಕೆ ತರುವ ದಾರಿಗಳು.

ಜಪಾನಿನ ರೈತರು ತೆತ್ತ ಬೆಲೆ

ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್‌ಜು ಎಂಬ ನದಿಯಿದೆ. ಅದರ ಮೇಲ್ಭಾಗದಲ್ಲಿ ಕಮಿಯೋಕ ಎಂಬ ಸತು ಮತ್ತು ಸೀಸದ ಗಣಿ ಇತ್ತು. ಗಣಿಯ ಹೊಲಸು ನದಿಗೆ ಸೇರುತ್ತಿತ್ತು. ಕೆಳಭಾಗದ ರೈತರು ಅದೇ ನೀರನ್ನು ಕುಡಿದರು, ಗದ್ದೆಗೆ ಹಾಯಿಸಿದರು, ಆ ಗದ್ದೆಯ ಅಕ್ಕಿಯನ್ನೇ ಉಂಡರು. ಕಾಲಕ್ರಮದಲ್ಲಿ ಹಲವು ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ಹೆಂಗಸರಿಗೆ ಸೊಂಟ, ತೊಡೆ, ಬೆನ್ನು ನೋಯತೊಡಗಿತು. ಮೂಳೆ ಎಷ್ಟು ಮೆತ್ತಗಾಯಿತೆಂದರೆ ಕೆಮ್ಮಿದರೂ ಮುರಿಯುವ ಸ್ಥಿತಿ ಬಂತು. ಜನ ಆ ರೋಗವನ್ನು ‘ಇಟಾಯ್ ಇಟಾಯ್’ ಎಂದು ಕರೆದರು. ‘ಅಯ್ಯೋ ನೋವು, ಅಯ್ಯೋ ನೋವು’ ಎಂದು ಅದರ ಅರ್ಥ.

ಆ ಊರ ಕಡೆಯ ವೈದ್ಯ ಹಗಿನೊ ನೊಬೊರು ಎಂಬವರು ಇದು ಗಣಿಯ ವಿಷವೆಂದು ಹೇಳಿದರು. ಕೃಷಿ ರಸಾಯನ ತಜ್ಞ ಕೊಬಯಾಶಿ ಜುನ್ ಅವರಿಗೆ ನೆರವಾದರು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಒಪ್ಪಿಕೊಂಡಿತು. 1971ರಲ್ಲಿ ಕೆಳ ನ್ಯಾಯಾಲಯದಲ್ಲೂ 1972ರಲ್ಲಿ ಮೇಲ್ಮನವಿಯಲ್ಲೂ ರೋಗಿಗಳೇ ಗೆದ್ದರು. ಆದರೆ ಮೊಕದ್ದಮೆ ಗೆದ್ದ ಮಾತ್ರಕ್ಕೆ ಮಣ್ಣು ಶುದ್ಧವಾಗಲಿಲ್ಲ. ಸುಮಾರು 860 ಹೆಕ್ಟೇರ್, ಅಂದರೆ 2,100 ಎಕರೆಗೂ ಹೆಚ್ಚು ಜಮೀನನ್ನು ಬೇರೆ ಮಣ್ಣು ತಂದು ಸರಿಪಡಿಸುವ ಕೆಲಸ ಮೂರು ದಶಕ ನಡೆದು 2012ರಲ್ಲಿ ಮುಗಿಯಿತು.

ದೇಹಕ್ಕೆ ಆಗುವ ಹಾನಿ

ಆಹಾರ ಮತ್ತು ನೀರಿನಲ್ಲಿ ಬಂದ ಕ್ಯಾಡ್ಮಿಯಂ ಮುಖ್ಯವಾಗಿ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಸೇರಿದ್ದರಲ್ಲಿ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಮೂತ್ರಪಿಂಡ ಕೆಟ್ಟಾಗ ಸುಣ್ಣ ಮತ್ತು ರಂಜಕದ ಅಂಶಗಳು ಮೂತ್ರದಲ್ಲಿ ನಷ್ಟವಾಗಿ ಮೂಳೆ ಸೊರಗುತ್ತದೆ. ರಕ್ತಹೀನತೆಯಿರುವ, ಕಬ್ಬಿಣದ ಅಂಶ ಕಡಮೆಯಿರುವ ಹೆಂಗಸರ ಕರುಳು ಈ ಲೋಹವನ್ನು ಹೆಚ್ಚಾಗಿ ಹೀರುತ್ತದೆ. ಆದುದರಿಂದ ಮನೆಯ ತಾಯಂದಿರಿಗೇ ಅಪಾಯ ಹೆಚ್ಚು. ಹೊಗೆಸೊಪ್ಪಿನ ಗಿಡ ಕ್ಯಾಡ್ಮಿಯಂ ಅನ್ನು ಎಲೆಯಲ್ಲಿ ಕೂಡಿಡುವುದರಿಂದ ಬೀಡಿ, ಸಿಗರೇಟು ಸೇದುವವರಿಗೆ ಅದು ಇನ್ನೊಂದು ದಾರಿಯಿಂದಲೂ ಸೇರುತ್ತದೆ.

50 ಕಿಲೊ ತೂಕದ ಒಬ್ಬರಿಗೆ ತಿಂಗಳಿಗೆ 1.25 ಮಿಲಿಗ್ರಾಂ ಮೀರಬಾರದೆಂಬುದು ಅಂತರರಾಷ್ಟ್ರೀಯ ತಜ್ಞರ ಸಮಿತಿ 2010ರಲ್ಲಿ ಕೊಟ್ಟ ಲೆಕ್ಕ. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಮಿತಿ ಕಿಲೊಗೆ 0.4 ಮಿಲಿಗ್ರಾಂ. ದಿನಕ್ಕೆ 300 ಗ್ರಾಂನಂತೆ ತಿಂಗಳಿಗೆ 9 ಕಿಲೊ ಅಕ್ಕಿ ಉಣ್ಣುವವರಿಗೆ, ಮಿತಿಯ ತುದಿಯಲ್ಲಿರುವ ಅಕ್ಕಿಯಿಂದಲೇ 3.6 ಮಿಲಿಗ್ರಾಂ ಸೇರುತ್ತದೆ. ಮಿತಿಯೊಳಗಿದೆ ಎಂದು ಅನ್ನ ಉಣ್ಣುವ ನಾವು ನೆಮ್ಮದಿಯಿಂದಿರಲಾಗದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಹೋಗುವುದಿಲ್ಲ.

ನಾವು ಮಾಡಬೇಕಾದದ್ದು

ನಮ್ಮಲ್ಲಿ ಗಣಿಗಿಂತ ಪಟ್ಟಣದ ಹೊಲಸು ನೀರಿನ ಚಿಂತೆ ದೊಡ್ಡದು. ವೃಷಭಾವತಿಯಲ್ಲಿ ಹರಿದುಬರುವ ಬೆಂಗಳೂರಿನ ಚರಂಡಿ ಮತ್ತು ಕಾರ್ಖಾನೆಗಳ ನೀರು ಬೈರಮಂಗಲ ಕೆರೆಯ ಕಡೆಯ ರೈತರಿಗೆ ದಶಕಗಳಿಂದ ಗೊತ್ತು. ಚರಂಡಿ ನೀರಿನಲ್ಲಿ ಸಾರಜನಕವಿರುವುದರಿಂದ ಸೊಪ್ಪು ಸೊಂಪಾಗಿ ಬರುತ್ತದೆ. ಈ ಸೊಂಪನ್ನು ನೋಡಿ ನೀರು ಒಳ್ಳೆಯದೆಂದು ಭಾವಿಸಬಾರದು.

1. ಕಾರ್ಖಾನೆ ನೀರು ಬೆರೆಯುವ ಕಾಲುವೆಯಿಂದ ಸೊಪ್ಪು, ಗೆಡ್ಡೆ ತರಕಾರಿ ಮತ್ತು ಭತ್ತಕ್ಕೆ ನೀರು ಹಾಯಿಸಬೇಡಿ. ಸೊಪ್ಪುಗಳು ಈ ಲೋಹವನ್ನು ಹೆಚ್ಚು ಹೀರುತ್ತವೆ. ಬೇರೆ ನೀರಿಲ್ಲದಿದ್ದರೆ ಅಲ್ಲಿ ಹೂವು, ಮರಮುಟ್ಟಿನ ಗಿಡಗಳನ್ನು ಬೆಳೆಯಿರಿ.

2. ನಗರ ಕಾಂಪೋಸ್ಟ್ ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ. ಸರ್ಕಾರದ ನಿಯಮದಂತೆ ಅದರಲ್ಲಿ ಕ್ಯಾಡ್ಮಿಯಂ ಕಿಲೊಗೆ 5 ಮಿಲಿಗ್ರಾಂ ಮೀರಕೂಡದು. ವರದಿಯಿಲ್ಲದ ಚರಂಡಿ ಕೆಸರನ್ನು ಬಿಟ್ಟಿ ಸಿಕ್ಕಿತೆಂದು ಹೊಲಕ್ಕೆ ಇಳಿಸಿಕೊಳ್ಳಬೇಡಿ.

3. ಹಳೆಯ ಬ್ಯಾಟರಿ, ವೈರು, ಮೊಬೈಲ್ ಚೂರುಗಳನ್ನು ತಿಪ್ಪೆಗೆ ಹಾಕಬೇಡಿ, ಸುಟ್ಟು ಬೂದಿಯನ್ನು ಗೊಬ್ಬರಕ್ಕೆ ಸೇರಿಸಬೇಡಿ.

4. ರಂಜಕ ಗೊಬ್ಬರದಲ್ಲಿಯೂ ಕ್ಯಾಡ್ಮಿಯಂ ಅಲ್ಪ ಪ್ರಮಾಣದಲ್ಲಿರಬಹುದು. ಅದನ್ನು ಬಿಡಬೇಕಾಗಿಲ್ಲ. ಮಣ್ಣು ಪರೀಕ್ಷೆಯಂತೆ ಬೇಕಾದಷ್ಟೇ ಹಾಕಿದರೆ ಹಣವೂ ಉಳಿಯುತ್ತದೆ.

5. ಹುಳಿ ಮಣ್ಣಿನಲ್ಲಿ ಬೇರು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತದೆ. ಮಲೆನಾಡು ಮತ್ತು ಕರಾವಳಿಯ ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ, ಎಲ್ಲ ಮಣ್ಣಿಗೂ ಕೊಟ್ಟಿಗೆ ಗೊಬ್ಬರ, ಕೊರತೆಯಿದ್ದಲ್ಲಿ ಸತುವಿನ ಸಲ್ಫೇಟ್ ಹಾಕುವುದು ಹಿತ. ಸುಣ್ಣದ ಅಂಶ ಮೊದಲೇ ಇರುವ ಕರಿ ಮಣ್ಣಿಗೆ ಸುಣ್ಣ ಬೇಡ.

6. ಸಂಶಯವಿರುವ ಗದ್ದೆಯಲ್ಲಿ ತೆನೆ ಬಿಡುವುದಕ್ಕೆ ಮೂರು ವಾರ ಮೊದಲಿನಿಂದ ಮೂರು ವಾರ ಅನಂತರದವರೆಗೆ ನೀರು ನಿಲ್ಲಿಸುವುದು ಜಪಾನಿನ ಕ್ರಮ. ನಿಂತ ನೀರಿನಲ್ಲಿ ಈ ಲೋಹ ಗಂಧಕದೊಡನೆ ಕೂಡಿ ಮಣ್ಣಿನಲ್ಲೇ ಉಳಿಯುತ್ತದೆ. ಆದರೆ ಆರ್ಸೆನಿಕ್ ಇರುವ ಗದ್ದೆಯಲ್ಲಿ ಇದರಿಂದ ಕಾಳಿಗೆ ಆರ್ಸೆನಿಕ್ ಹೆಚ್ಚಾಗಿ ಸೇರುತ್ತದೆ. ಎರಡನ್ನೂ ಪರೀಕ್ಷಿಸಿಯೇ ಮುಂದುವರಿಯಬೇಕು.

ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕ್ಯಾಡ್ಮಿಯಂ ಸೇರಿಲ್ಲವೆಂಬುದು ನೆನಪಿರಲಿ. ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ನಿಮ್ಮ ಕಾಲುವೆಯ ನೀರಿನ ಬಣ್ಣ, ವಾಸನೆ ಬದಲಾಗಿದ್ದರೆ, ಮೇಲೆ ಕಾರ್ಖಾನೆಯಿದ್ದರೆ, ಒಬ್ಬೊಬ್ಬರೇ ಅಲೆಯದೆ ಊರಿನವರು ಒಟ್ಟಾಗಿ ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಡಿ. ನೀರು, ಮಣ್ಣು, ಕಾಳು ಮೂರರ ಮಾದರಿಯನ್ನೂ ಎಲ್ಲಿಗೆ ಕಳುಹಿಸಬೇಕೆಂದು ವಿಚಾರಿಸಿ. ಮಣ್ಣು ಕೆಟ್ಟ ಮೇಲೆ ಮಣ್ಣನ್ನೇ ಬದಲಿಸುವ ಶಕ್ತಿ ನಮ್ಮ ಯಾವ ರೈತನಿಗೂ ಇಲ್ಲ. ಹೊಲಕ್ಕೆ ಬರುವ ನೀರು, ಗೊಬ್ಬರ ಎಲ್ಲಿಂದ ಬಂದುವೆಂದು ಬದುವಿನ ಮೇಲೆ ನಿಂತು ಕೇಳುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.