ಮನೋಚಿಕಿತ್ಸೆಯ ಹೊಸ್ತಿಲಲ್ಲಿ

ಹೃದಯದ ಭಾರವನ್ನು ತಾನೊಬ್ಬನೇ ಹೊರಲಾರದೆ ಮತ್ತೊಬ್ಬರ ಮುಂದೆ ಇಳಿಸಿಕೊಳ್ಳಬೇಕೆನ್ನುವುದು ಮನುಷ್ಯನಿಗೆ ಸಹಜವಾದ ಅಪೇಕ್ಷೆ. ಅದಕ್ಕೆ ನಮ್ಮ ಹಿರಿಯರಿಗೆ ತವರುಮನೆಯ ಹಿತ್ತಿಲಿತ್ತು, ಗುಡಿಯ ಜಗಲಿಯಿತ್ತು, ಮಠದ ಗುರುಗಳ ಸನ್ನಿಧಿಯಿತ್ತು, ಮನೆತನವನ್ನು ಮೂರು ತಲೆಮಾರುಗಳಿಂದ ಬಲ್ಲ ವೈದ್ಯರ ಸಮಾಧಾನದ ಮಾತಿತ್ತು. ಆದರೆ ಈ ಎಲ್ಲ ಆಶ್ರಯಗಳಲ್ಲಿಯೂ ಕೇಳುವವರು ನಮ್ಮ ಬಳಗಕ್ಕೆ ಸೇರಿದವರೇ ಆಗಿರುತ್ತಿದ್ದುದರಿಂದ, ಯಾವ ಸಂಗತಿಯನ್ನು ಹೇಳಿದರೆ ಮನೆಯ ಮರ್ಯಾದೆಗೆ ಕುಂದು ಬಂದೀತೋ, ಯಾವುದು ಕೇಳಿದವರ ಮನಸ್ಸನ್ನೇ ನೋಯಿಸೀತೋ, ಅದು ಬಹುಮಟ್ಟಿಗೆ ಹೇಳದೆಯೇ ಉಳಿದುಹೋಗುತ್ತಿತ್ತು. ಹಾಗೆ ಉಳಿದುಹೋದ ಮಾತಿಗೆ ಅವಕಾಶವನ್ನು ಕಲ್ಪಿಸುವ ಒಂದು ವೃತ್ತಿ ಇಂದು ನಮ್ಮ ನಗರಗಳಲ್ಲಿ ನೆಲೆಗೊಂಡಿದೆ. ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಇಂದಿರಾನಗರಗಳಂಥ ಬಡಾವಣೆಗಳಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ, ಒಮ್ಮೊಮ್ಮೆ ವಾಸದ ಮನೆಯೊಂದರ ಕೆಳ ಅಂತಸ್ತಿನಲ್ಲಿಯೇ, ಮನೋಚಿಕಿತ್ಸೆಯೆಂದೋ ಆಪ್ತಸಮಾಲೋಚನೆಯೆಂದೋ ಕೌನ್ಸೆಲಿಂಗ್ ಎಂದೋ ಬರೆದ ಚಿಕ್ಕ ಫಲಕ ಕಾಣಸಿಗುತ್ತದೆ. ಆ ಫಲಕದ ಹಿಂದೆ ನಡೆಯುವ ಕೆಲಸವೇನು, ಅಲ್ಲಿಗೆ ಮೊದಲ ಸಲ ಹೋಗುವವರು ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಅರಿಕೆ ಮಾಡುವುದು ಈ ಲೇಖನದ ಉದ್ದೇಶ.

ಮಾತಿನಿಂದಲೇ ಚಿಕಿತ್ಸೆ ಮಾಡುವ ಈ ವಿದ್ಯೆಯ ಆಧುನಿಕ ರೂಪ ಮೊದಲಾದದ್ದು ವಿಯೆನ್ನಾ ನಗರದಲ್ಲಿ. 1880ರಿಂದ 1882ರವರೆಗೆ ಯೋಸೆಫ್ ಬ್ರಾಯರ್ ಎಂಬ ವೈದ್ಯರಿಂದ ಶುಶ್ರೂಷೆ ಪಡೆಯುತ್ತಿದ್ದ ಬರ್ತಾ ಪಾಪೆನ್‌ಹೈಮ್ ಎಂಬ ತರುಣಿ, ತನ್ನ ಬೇನೆಯ ಹಿಂದಿನ ಸಂಗತಿಗಳನ್ನು ಹೇಳಿಕೊಂಡಂತೆ ಬೇನೆ ತಗ್ಗುವುದನ್ನು ಅನುಭವಿಸಿ, ಅದಕ್ಕೆ ಮಾತಿನ ಚಿಕಿತ್ಸೆಯೆಂಬ ಹೆಸರನ್ನು ತಾನೇ ಇಟ್ಟಳು. ಆ ವೃತ್ತಾಂತವನ್ನೊಳಗೊಂಡ ಗ್ರಂಥವನ್ನು ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದರು. ಫ್ರಾಯ್ಡ್ ನಡೆಸಿದ್ದೂ ಖಾಸಗಿ ವೃತ್ತಿಯೇ. ತಾವು ಸಂಸಾರಸಮೇತರಾಗಿ ವಾಸಿಸುತ್ತಿದ್ದ ಬೆರ್ಗ್‌ಗಾಸೆ ಬೀದಿಯ 19ನೆಯ ಸಂಖ್ಯೆಯ ಕಟ್ಟಡದಲ್ಲಿಯೇ ಅವರು ಬಂದವರ ಮಾತಿಗೆ ಕಿವಿಗೊಡುತ್ತಿದ್ದರು. ನಮ್ಮ ದೇಶದಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಕನ್ನಡನಾಡಿನಲ್ಲಿ ಈ ವಿದ್ಯೆಗೆ ಭದ್ರವಾದ ನೆಲೆ ದೊರೆತದ್ದು 1954ರಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆಶ್ರಯದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದಾಗ. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಾವೆಲ್ಲರೂ ಬಲ್ಲ ನಿಮ್ಹಾನ್ಸ್ ಆದವು. ಈ ಶಾಸ್ತ್ರ ಕನ್ನಡಕ್ಕೆ ಹೊರಗಿನದಾಗಿಯೂ ಉಳಿಯಲಿಲ್ಲ: ‘ರಾಶಿ’ ಎಂದು ಪ್ರಖ್ಯಾತರಾದ ಡಾ. ಎಂ. ಶಿವರಾಂ ಅವರು ಮನೋವ್ಯಾಧಿಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಸಂದಿತು.

ಚಿಕಿತ್ಸೆಗೆ ಹೊರಡುವವರು ಮೊದಲು ತಿಳಿಯಬೇಕಾದದ್ದು, ಒಳಗೆ ಕುಳಿತಿರುವವರು ಯಾರು ಎಂಬುದನ್ನು. ಮನೋವೈದ್ಯರು ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ ಆಮೇಲೆ ಮನೋರೋಗಗಳಲ್ಲಿ ವಿಶೇಷ ಪರಿಣತಿಯನ್ನು ಪಡೆದವರು; ಔಷಧವನ್ನು ಬರೆದುಕೊಡುವ ಅಧಿಕಾರ ಅವರದು. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಂಡವರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ತರುವಾಯ, ಸಾಮಾನ್ಯವಾಗಿ ಎರಡು ವರ್ಷಗಳ ಎಂ.ಫಿಲ್. ಶಿಕ್ಷಣವನ್ನು ಆಸ್ಪತ್ರೆಯ ಅನುಭವದೊಂದಿಗೆ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡವರು; ಅವರು ಮಾತ್ರೆ ಬರೆಯುವುದಿಲ್ಲ. ಆಪ್ತಸಮಾಲೋಚಕರಲ್ಲಿಯಾದರೋ, ದೀರ್ಘಕಾಲ ಅಭ್ಯಾಸ ಮಾಡಿ ಹಿರಿಯರ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಉಂಟು, ಕೆಲವೇ ವಾರಗಳ ತರಬೇತಿಯಿಂದ ಫಲಕವನ್ನು ತೂಗುಹಾಕಿದವರೂ ಉಂಟು. ಆದಕಾರಣ ವ್ಯಾಸಂಗವೆಲ್ಲಿ ಆಯಿತು, ನೋಂದಣಿಯುಂಟೆ, ನನ್ನಂಥ ತೊಂದರೆಯವರನ್ನು ನೋಡಿದ ಅನುಭವವಿದೆಯೆ ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ವಿದ್ಯಾವಂತರಾದ ಚಿಕಿತ್ಸಕರು ಈ ಪ್ರಶ್ನೆಯನ್ನು ಅವಿನಯವೆಂದು ಭಾವಿಸುವುದಿಲ್ಲ. ಭಾವಿಸಿದರೆ, ಅದೇ ತಕ್ಕ ಉತ್ತರವೆಂದು ತಿಳಿದು ಬೇರೆ ಬಾಗಿಲನ್ನು ತಟ್ಟಬಹುದು.

ಮೊದಲ ಸಂಪರ್ಕ ಸಾಮಾನ್ಯವಾಗಿ ದೂರವಾಣಿಯಲ್ಲಿಯೋ ವಾಟ್ಸಾಪಿನಲ್ಲಿಯೋ ನಡೆಯುತ್ತದೆ. ಹತ್ತು ಹದಿನೈದು ನಿಮಿಷಗಳ ಆ ಮಾತುಕತೆಯಲ್ಲಿ ತೊಂದರೆಯ ಸ್ಥೂಲರೂಪವನ್ನು ಹೇಳಿದರೆ ಸಾಕು. ದಿನ, ಹೊತ್ತು, ಶುಲ್ಕ ನಿಶ್ಚಯವಾದ ಮೇಲೆ ಒಪ್ಪಿಗೆಯ ಪತ್ರವೊಂದನ್ನು ಓದಲು ಕೊಡುತ್ತಾರೆ. ಇದನ್ನು ಬ್ಯಾಂಕಿನ ಕಾಗದಗಳಂತೆ ಓದದೆಯೇ ರುಜು ಹಾಕತಕ್ಕದ್ದಲ್ಲ. ಚಿಕಿತ್ಸೆಯ ಸ್ವರೂಪ, ಗೋಪ್ಯತೆಯ ಎಲ್ಲೆ, ಬರಲಾಗದ ದಿನದ ಶುಲ್ಕ, ಬರೆದಿಟ್ಟುಕೊಳ್ಳುವ ಟಿಪ್ಪಣಿಗಳ ರಕ್ಷಣೆ, ಇವೆಲ್ಲ ಅದರಲ್ಲಿ ಇರುತ್ತವೆ. ಮೊದಲ ಸೆಷನ್ನಿನಲ್ಲಿ ಹೆಚ್ಚಾಗಿ ಪ್ರಶ್ನೆಗಳೇ. ತೊಂದರೆ ಯಾವಾಗ ಮೊದಲಾಯಿತು, ಈಗಲೇ ಬರಬೇಕೆನ್ನಿಸಿದ್ದೇಕೆ, ನಿದ್ರೆ ಹೇಗಿದೆ, ಊಟ ಸೇರುತ್ತದೆಯೆ, ಮನೆಯಲ್ಲಿ ಯಾರು ಯಾರಿದ್ದಾರೆ, ವಂಶದಲ್ಲಿ ಇಂಥ ಬೇನೆ ಇತ್ತೆ, ಥೈರಾಯ್ಡಿನಂಥ ಶರೀರದ ಕಾಯಿಲೆಗಳಿವೆಯೆ, ಮದ್ಯಪಾನದ ಅಭ್ಯಾಸವುಂಟೆ ಎಂದು ಅವರು ಕೇಳುತ್ತಾರೆ. ಬದುಕು ಬೇಡವೆನ್ನಿಸಿದ್ದುಂಟೆ ಎಂದೂ ನೇರವಾಗಿ ಕೇಳುತ್ತಾರೆ. ಈ ಕಡೆಯ ಪ್ರಶ್ನೆಯಿಂದ ಕೆಲವರು ಬೆಚ್ಚುವರು. ಆದರೆ ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಗುವುದಿಲ್ಲ, ಇರುವ ಯೋಚನೆಯನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಖಿನ್ನತೆಯ ಪ್ರಮಾಣವನ್ನು ಅಳೆಯಲು ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯೊಂದನ್ನು ತುಂಬಿಸಿಕೊಳ್ಳುವುದೂ ಉಂಟು. ಎಲ್ಲವನ್ನೂ ಆ ದಿನವೇ ಹೇಳಿ ಮುಗಿಸಬೇಕೆಂಬ ನಿರ್ಬಂಧವಿಲ್ಲ. ಅಳು ಬಂದರೆ ಅಳಬಹುದು, ಮಾತು ಬಾರದಿದ್ದರೆ ಸುಮ್ಮನಿರಲೂಬಹುದು.

ಹೊಸಬರಿಗೆ ಬಹಳ ವಿಚಿತ್ರವಾಗಿ, ಕೆಲವರಿಗೆ ನಿಷ್ಠುರವಾಗಿಯೂ ಕಾಣುವುದು ಇಲ್ಲಿನ ಕಟ್ಟುಪಾಡುಗಳು. ಸೆಷನ್ ನಲವತ್ತೈದರಿಂದ ಅರವತ್ತು ನಿಮಿಷ, ಬಹುಮಟ್ಟಿಗೆ ವಾರಕ್ಕೊಂದು ಸಲ. ಹೊತ್ತು ಮುಗಿಯಿತೆಂದರೆ ಮುಗಿಯಿತು. ಶುಲ್ಕ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರಗಳವರೆಗೆ. ಮುನ್ಸೂಚನೆಯಿಲ್ಲದೆ ತಪ್ಪಿಸಿದ ದಿನಕ್ಕೂ ಹಲವರು ಅದನ್ನು ತೆಗೆದುಕೊಳ್ಳುತ್ತಾರೆ. ಚಿಕಿತ್ಸಕರು ಮದುವೆಮುಂಜಿಗಳ ಕರೆಯೋಲೆಯನ್ನು ನಯವಾಗಿ ನಿರಾಕರಿಸುತ್ತಾರೆ. ಮಾರುಕಟ್ಟೆಯಲ್ಲಿ ಎದುರಾದರೆ ತಾವಾಗಿ ಮಾತನಾಡಿಸದೆ ಹೋಗುವುದೂ ಉಂಟು. ಅತಿಥಿಯನ್ನು ಊಟಕ್ಕೆಬ್ಬಿಸದೆ ಕಳಿಸದ ನಾಡಿನಲ್ಲಿ ಇದು ಒರಟುತನವೆಂದು ತೋರುವುದು ಸಹಜ. ಆದರೆ ಏರಿಯಿಲ್ಲದೆ ಕೆರೆಯಲ್ಲಿ ನೀರು ಹೇಗೆ ನಿಲ್ಲದೋ ಹಾಗೆ, ಈ ಎಲ್ಲೆಗಳಿಲ್ಲದೆ ಇಂಥ ಮಾತು ನಿಲ್ಲಲಾರದು. ಹೊತ್ತು ಗೊತ್ತಾಗಿರುವುದರಿಂದ, ಕಠಿಣವಾದ ನೆನಪನ್ನು ಎತ್ತಿಕೊಂಡವರಿಗೆ ಅದನ್ನು ಕೆಳಗಿಡುವ ಗಳಿಗೆಯೂ ಗೊತ್ತಿರುತ್ತದೆ. ಶುಲ್ಕ ಕೊಟ್ಟಿರುವುದರಿಂದ ಉಪಕಾರದ ಹೊರೆ ಇರುವುದಿಲ್ಲ. ಕೇಳಿದವರ ಋಣ ತೀರಿಸಬೇಕೆಂಬ, ಅವರ ಮನಸ್ಸನ್ನು ಕಾಯಬೇಕೆಂಬ ಚಿಂತೆಯಿಲ್ಲದೆ ಕೋಪವನ್ನೂ ನಾಚಿಕೆಯನ್ನೂ ಹೊರಗಿಡಬಹುದು. ಚಿಕಿತ್ಸಕರು ನೆಂಟರಲ್ಲದಿರುವುದರಿಂದಲೇ, ನೆಂಟರಿಗೆ ಹೇಳಲಾಗದ್ದನ್ನು ಅವರಿಗೆ ಹೇಳುವುದು ಸಾಧ್ಯವಾಗುತ್ತದೆ. ಈ ವೃತ್ತಿಯ ಕರುಣೆ ನೆಲೆಸಿರುವುದು ಅದರ ನಿಯಮಗಳಲ್ಲಿಯೇ ಎಂದು ನನ್ನ ದೃಢವಾದ ನಂಬಿಕೆ.

ಈ ನಿಯಮಗಳಲ್ಲಿ ಮುಖ್ಯವಾದದ್ದು ಗೋಪ್ಯತೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಅದನ್ನು ಚಿಕಿತ್ಸೆಗೆ ಬಂದವರ ಹಕ್ಕೆಂದು ಮಾನ್ಯಮಾಡಿದೆ. ಅದಕ್ಕೆ ಅಪವಾದಗಳೂ ಇವೆ: ಬಂದವರ ಪ್ರಾಣಕ್ಕೋ ಬೇರೊಬ್ಬರ ಪ್ರಾಣಕ್ಕೋ ಅಪಾಯವಿರುವಾಗ, ನ್ಯಾಯಾಲಯ ಆಜ್ಞಾಪಿಸಿದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದಾಗ ಚಿಕಿತ್ಸಕರು ಮೌನವಾಗಿರಲಾರರು, ಈ ಕೊನೆಯ ಸಂದರ್ಭದಲ್ಲಿ ವರದಿ ಮಾಡುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಕಡ್ಡಾಯ. ಈ ಅಪವಾದಗಳನ್ನು ಮೊದಲ ದಿನವೇ ಹೇಳುವುದು ಪ್ರಾಮಾಣಿಕತೆಯ ಲಕ್ಷಣ. ನಮ್ಮ ಮನೆಗಳಲ್ಲಿ ಗೋಪ್ಯತೆಯ ಪರೀಕ್ಷೆ ನಡೆಯುವುದು ಕಾನೂನಿನ ಎದುರಿಗಿಂತ ಹೆಚ್ಚಾಗಿ ಹೊರಗಿನ ಬೆಂಚಿನ ಮೇಲೆ. ಮಗಳನ್ನು ಕರೆತಂದ ತಾಯಿ, ಬಾಗಿಲು ತೆರೆದೊಡನೆ, “ನಮ್ಮ ಹುಡುಗಿ ಒಳಗೆ ಏನು ಹೇಳಿದಳು ಡಾಕ್ಟ್ರೇ?” ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿರುವುದು ಕುತೂಹಲಕ್ಕಿಂತ ಹೆಚ್ಚಾಗಿ ಕಳವಳ. ಬಲ್ಲ ಚಿಕಿತ್ಸಕರು ತಾಯಿಯ ಕಳವಳಕ್ಕೆ ಸಮಾಧಾನ ಹೇಳುತ್ತಾರೆ, ಮಗಳ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅವಶ್ಯವೆನಿಸಿದರೆ, ಮಗಳ ಒಪ್ಪಿಗೆಯನ್ನು ಪಡೆದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡುತ್ತಾರೆ.

ಮುಂದಿನ ವಾರಗಳಲ್ಲಿ ನಡೆಯುವ ಕೆಲಸ ಚಿಕಿತ್ಸಕರ ಪದ್ಧತಿಯನ್ನು ಅನುಸರಿಸುತ್ತದೆ. ಫ್ರಾಯ್ಡರ ಪರಂಪರೆಯವರು ಬಾಲ್ಯದ ಸಂಬಂಧಗಳು ಇಂದಿನ ನಡತೆಯಲ್ಲಿ ಹೇಗೆ ಮರುಕಳಿಸುತ್ತಿವೆ ಎಂಬುದನ್ನು ನಿಧಾನವಾಗಿ ಶೋಧಿಸುವರು. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿಯಿಂದ ಬೆಳೆದ, ಸಿ.ಬಿ.ಟಿ. ಎಂದು ಪರಿಚಿತವಾದ ಕ್ರಮದಲ್ಲಿ, ಮನಸ್ಸಿಗೆ ತಾನಾಗಿ ಬರುವ ಯೋಚನೆಗಳನ್ನು ಬರೆದಿಟ್ಟು ಅವು ಎಷ್ಟರಮಟ್ಟಿಗೆ ಸತ್ಯವೆಂದು ಪರಿಶೀಲಿಸುವುದು, ಹೆದರಿ ದೂರವಿಟ್ಟ ಕೆಲಸಗಳನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸುವುದು ಮುಖ್ಯ. ಇಲ್ಲಿ ಮನೆಗೆಲಸವನ್ನೂ ಕೊಡುತ್ತಾರೆ, ಅವಧಿಯೂ ಅನೇಕವೇಳೆ ಹನ್ನೆರಡರಿಂದ ಇಪ್ಪತ್ತು ಸೆಷನ್‌ಗಳ ಒಳಗಿರುತ್ತದೆ. ಕಾರ್ಲ್ ರೋಜರ್ಸರ ದಾರಿಯವರು, ನಿರ್ವ್ಯಾಜವಾದ ಅನುಕಂಪದಿಂದ ಕೇಳಿಸಿಕೊಂಡಾಗ ಮನುಷ್ಯ ತನ್ನ ಹಾದಿಯನ್ನು ತಾನೇ ಕಂಡುಕೊಳ್ಳಬಲ್ಲನೆಂದು ನಂಬುತ್ತಾರೆ. ಪದ್ಧತಿ ಯಾವುದೇ ಇರಲಿ, ಚಿಕಿತ್ಸಕರು ಜ್ಯೋತಿಷಿಗಳಂತೆ ಭವಿಷ್ಯವನ್ನು ಹೇಳುವುದಿಲ್ಲ. ಈ ಸಂಬಂಧಕ್ಕೆ ಒಪ್ಪು, ಆ ಕೆಲಸವನ್ನು ಬಿಡು ಎಂದು ಅಪ್ಪಣೆ ಕೊಡುವುದೂ ಅಪರೂಪ. ಹಿರಿಯರ ತೀರ್ಮಾನವನ್ನು ಕೇಳಿ ಅಭ್ಯಾಸವಾದ ನಮ್ಮಲ್ಲಿ ಅನೇಕರಿಗೆ ಮೊದಮೊದಲು ಇದರಿಂದ ನಿರಾಶೆಯಾಗುತ್ತದೆ. ತೀರ್ಮಾನಿಸುವ ಶಕ್ತಿಯನ್ನು ಬಂದವರಲ್ಲಿಯೇ ಚೇತರಿಸಿಕೊಳ್ಳುವಂತೆ ಮಾಡುವುದು ಈ ಚಿಕಿತ್ಸೆಯ ಸಾಧನೆಯೆಂಬುದು ಕಾಲಕ್ರಮದಲ್ಲಿ ಮನವರಿಕೆಯಾಗುತ್ತದೆ.

ಭಾಷೆಯ ವಿಷಯದಲ್ಲಿಯೂ ದಾಕ್ಷಿಣ್ಯ ಬೇಡ. ಕಛೇರಿಯ ವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲಿ ನಡೆಸುವವರೂ ಅವ್ವನ ಮೇಲಿನ ಮುನಿಸನ್ನು, ಅಪ್ಪನ ಭಯವನ್ನು ಧಾರವಾಡದ ಮಾತಿನಲ್ಲಿಯೋ ಮಂಡ್ಯದ ಮಾತಿನಲ್ಲಿಯೋ ಹೇಳಿದರೇ ಅದರ ಕಾವು ಹೊರಗೆ ಬರುವುದು. ಕನ್ನಡದಲ್ಲಿ ಮಾತನಾಡಬಲ್ಲ ಚಿಕಿತ್ಸಕರು ಬೇಕೆಂದು ಮೊದಲ ಕರೆಯಲ್ಲಿಯೇ ಕೇಳಬಹುದು. ಪರದೇಶದಲ್ಲಿರುವ ಕನ್ನಡಿಗರು ಇದೇ ಕಾರಣಕ್ಕಾಗಿ, ಈಗ ಆನ್‌ಲೈನ್ ಸೆಷನ್‌ಗಳ ಅನುಕೂಲವಿರುವುದರಿಂದ, ತವರುನಾಡಿನ ಚಿಕಿತ್ಸಕರನ್ನು ಅರಸುವುದುಂಟು.

ದಾರಿಯುದ್ದಕ್ಕೂ ಹಿತವೇ ಇರುವುದೆಂದು ಯಾರೂ ಭರವಸೆ ಕೊಡಲಾರರು. ಹಳೆಯ ನೋವನ್ನು ಮುಟ್ಟಿದ ವಾರದಲ್ಲಿ ಮನಸ್ಸು ಮೊದಲಿಗಿಂತ ಭಾರವಾಗಬಹುದು. ಅದನ್ನು ಮುಂದಿನ ಭೇಟಿಯಲ್ಲಿ ಹೇಳಬೇಕು. ತೀವ್ರವಾದ ಖಿನ್ನತೆಯಲ್ಲಿ ಮಾತಿನೊಂದಿಗೆ ಔಷಧವೂ ಅಗತ್ಯವಾಗಿ, ಮನೋವೈದ್ಯರ ಬಳಿಗೆ ಕಳುಹಿಸಬಹುದು; ಅದರಿಂದ ಚಿಕಿತ್ಸೆ ಸೋತಿತೆಂದು ಎಣಿಸಬೇಕಾಗಿಲ್ಲ. ನಾಲ್ಕಾರು ಸೆಷನ್‌ಗಳ ನಂತರವೂ ಮನಸ್ಸು ಬಿಚ್ಚದಿದ್ದರೆ ಅದನ್ನು ಚಿಕಿತ್ಸಕರಿಗೇ ಹೇಳಬೇಕು. ಹೇಳಿದ ಮೇಲೂ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಹುಡುಕಬಹುದು. ಇಬ್ಬರ ನಡುವಣ ವಿಶ್ವಾಸ ಫಲಕ್ಕೆ ಬಹಳ ಮುಖ್ಯವೆಂಬುದನ್ನು ಎಲ್ಲ ಪಂಥದವರೂ ಒಪ್ಪುತ್ತಾರೆ. ಆದರೆ ಚಿಕಿತ್ಸಕರೇ ಎಲ್ಲೆ ಮೀರಿ ವೈಯಕ್ತಿಕ ಸಂಬಂಧಕ್ಕೆ ಯತ್ನಿಸಿದಲ್ಲಿ, ಆ ಗಳಿಗೆಯೇ ಎದ್ದು ಬರಬೇಕು, ದೂರನ್ನೂ ಕೊಡಬೇಕು. ಆತ್ಮಹತ್ಯೆಯ ಯೋಚನೆ ಮುತ್ತಿದ ರಾತ್ರಿಯಲ್ಲಿ ಮುಂದಿನ ಅಪಾಯಿಂಟ್‌ಮೆಂಟಿಗಾಗಿ ಕಾಯಬಾರದು: 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416ರಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಖಾಸಗಿ ಚಿಕಿತ್ಸೆಯ ವೆಚ್ಚವನ್ನು ಎಲ್ಲರೂ ಭರಿಸಲಾರರೆಂಬುದು ನಿಜ. ಶುಲ್ಕವನ್ನು ಆದಾಯಕ್ಕೆ ತಕ್ಕಂತೆ ಇಳಿಸುವ ಚಿಕಿತ್ಸಕರಿದ್ದಾರೆ, ಕೇಳಿದರೆ ಹೇಳುತ್ತಾರೆ. ನಿಮ್ಹಾನ್ಸಿನಲ್ಲಿ ಅಲ್ಪವೆಚ್ಚದ ಸೇವೆಯಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ಸಜ್ಜುಗೊಳಿಸಿ, ಮನೋರೋಗದ ಉಪಚಾರ ಹಳ್ಳಿಯ ಮಟ್ಟದಲ್ಲಿಯೂ ಸಾಧ್ಯವೆಂದು ತೋರಿಸಿಕೊಟ್ಟರು. 1996ರಲ್ಲಿ ದೇಶದಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ಔಷಧವನ್ನು ಹಾಗೆ ತಾಲ್ಲೂಕಿನವರೆಗೆ ಮುಟ್ಟಿಸಿದ ನಾಡು, ಬಾಗಿಲು ಮುಚ್ಚಿದ ಒಂದು ಕೋಣೆ, ನಿಶ್ಚಿತವಾದ ಒಂದು ಗಂಟೆ, ನುರಿತ ಒಬ್ಬ ಶ್ರೋತೃ, ಇಷ್ಟನ್ನೂ ಅಲ್ಲಿಯವರೆಗೆ ಮುಟ್ಟಿಸಬೇಕು. ಅದನ್ನು ಕೊಳ್ಳಬಲ್ಲವರು ಇಂದು ನಾಚಿಕೆಯಿಲ್ಲದೆ ಅದರ ಪ್ರಯೋಜನವನ್ನು ಪಡೆಯಲಿ, ಪಡೆದುದನ್ನು ನಾಲ್ಕು ಜನರ ಮುಂದೆ ಮರೆಮಾಚದೆ ಹೇಳಲಿ. ಬೇಡಿಕೆ ಬಹಿರಂಗವಾಗಿ ಕೇಳಿಬಂದಾಗಲೇ ಸರ್ಕಾರದ ಆಸ್ಪತ್ರೆಗಳಲ್ಲಿಯೂ ಆ ಕೋಣೆಗೆ ಸ್ಥಳ ದೊರೆಯುವುದು.