ಮಗನ ಕೈಗೆ ಕರಣೆ ಕೊಡುವ ಮೊದಲು

ಗಾರೆ ಕೆಲಸ ಅಂದರೆ ಫೇಲಾದವನ ಪಾಲು ಅಂತ ನಮ್ಮ ಮನೆಗಳಲ್ಲಿ ಮಾತು. ಅಪ್ಪ ಮೇಸ್ತ್ರಿಯಾದರೂ ಮಗನ ಕೈಗೆ ಕರಣೆ ಕೊಡಲು ಅಂಜುತ್ತಾನೆ. ಬಿಸಿಲು, ಬಾಕಿ ಉಳಿದ ಕೂಲಿ ಎರಡನ್ನೂ ಕಂಡವನು, ಅಂಜಿದರೆ ತಪ್ಪೇನು?

ಆದರೆ ಅದೇ ಅಪ್ಪನಿಗೆ ಗೊತ್ತಿರುವುದನ್ನು ನೋಡಿ. ಪಾಯದ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಆ ಎರಡರ ನಡುವೆ ಸರಿಯಾಗಿ 5 ಅಡಿ ಬಂತಾ ಅಂತ ಅಳೀತಾನೆ. ಬಂದರೆ ಮೂಲೆ ನೇರ. ಇದು ನೀವು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಪೈಥಾಗೊರಸ್ ಪ್ರಮೇಯವೇ! ನಾಲ್ಕು ಗೂಟ, ಒಂದು ದಾರ ಇದ್ದರೆ ಶಾಲೆಯ ಅಂಗಳದಲ್ಲೇ ಕಲಿಸಬಹುದು.

ಗಚ್ಚಿಬೌಲಿಯಲ್ಲಿ 1998ರಲ್ಲಿ ಶುರುವಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವಿದೆ. ಉರ್ದು ಕಲಿತು ಹತ್ತನೇ ಪಾಸಾದವರು ಅದರ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಬಹುದು, ಅದೂ ಉರ್ದುವಿನಲ್ಲೇ. ಬೆಂಗಳೂರಿನಲ್ಲೂ ಅದರ ಪಾಲಿಟೆಕ್ನಿಕ್ ಇದೆ. ಅರ್ಜಿ ಹಾಕುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ.